ಹೊಸ್ತಿಲಲ್ಲಿ ಹೇಳಿದ ಒಡಪು

ಬಳ್ಳಾರಿ ಕಡೆಯ ಸಭೆಗಳಲ್ಲಿ ನನಗೆ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ. "ನೀವು ಆಂಧ್ರದ ಆದೋನಿಯವರು, ಓದಿದ್ದು ತೆಲುಗು. ಕನ್ನಡದಲ್ಲಿ ಕವಿತೆ ಬರೆಯೋದು ಎಲ್ಲಿ ಕಲಿತಿರಿ?" ಅಡುಗೆಮನೆಯಲ್ಲಿ ಅಂದರೆ ನಗುತ್ತಾರೆ. ನಗಲಿ, ನನ್ನ ಗಂಟೇನೂ ಹೋಗುವುದಿಲ್ಲ.

ನನಗೆ ನಾಲ್ಕು ವರ್ಷವಿದ್ದಾಗ ಅವ್ವ ಗಂಡನ ಮನೆ ಬಿಟ್ಟು ಬಂದಳು. ಆದೋನಿಯ ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿ ನನ್ನನ್ನು ಸಾಕಿದಳು. ನಮ್ಮ ಕಡೆ ಮದುಮಗಳು ಹೊಸ್ತಿಲು ದಾಟುವ ಮುಂಚೆ ಒಡಪು ಹೇಳಬೇಕು. ಪ್ರಾಸದ ಎರಡು ಸಾಲು ಹೆಣೆದು, ಅದರ ಕೊನೆಗೆ ಗಂಡನ ಹೆಸರಿಡಬೇಕು. ನೆಂಟರ ಹುಡುಗಿಯರಿಗೆಲ್ಲ ಒಡಪು ಕಟ್ಟಿಕೊಡುತ್ತಿದ್ದವಳು ಅವ್ವನೇ. ಆದರೆ ಗಂಡನನ್ನು ಬಿಟ್ಟವಳೆಂದು ಶುಭಕಾರ್ಯದಲ್ಲಿ ಅವಳನ್ನು ಬಾಗಿಲ ಹತ್ತಿರ ಸೇರಿಸುತ್ತಿರಲಿಲ್ಲ. ಎಂಥ ನ್ಯಾಯ! ಅವಳು ಒಲೆಯ ಮುಂದೆ ಕೂತು ಹೇಳಿದ್ದನ್ನು ನಾನು ಬರೆದುಕೊಳ್ಳುತ್ತಿದ್ದೆ. ಮನೆಮಾತು ಕನ್ನಡವಾದರೂ ಆಗ ಗೊತ್ತಿದ್ದದ್ದು ತೆಲುಗು ಅಕ್ಷರ ಮಾತ್ರ. ಹಾಗಾಗಿ ನನ್ನ ಮೊದಲ ಕನ್ನಡ ನೋಟ್‌ಬುಕ್ ಪೂರ್ತಿ ತೆಲುಗು ಲಿಪಿಯಲ್ಲಿದೆ, ಅದಕ್ಕೆ ನನಗೆ ನಾಚಿಕೆಯಿಲ್ಲ.

ನನ್ನನ್ನು ಕೊಟ್ಟದ್ದು ನಾಗಲದಿನ್ನೆಗೆ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರಿಟ್ಟು, ಅತ್ತೆ ಬಾಗಿಲಿಗೆ ಕೈ ಅಡ್ಡ ಹಿಡಿದು ಒಡಪು ಕೇಳಿದರು. ಅವ್ವ ಕಟ್ಟಿಕೊಟ್ಟದ್ದು ಬಾಯಿಗೆ ಬಂದಿತ್ತು. ತಿರುಗಿ ನೋಡಿದರೆ, ನನ್ನನ್ನು ಕಳಿಸಲು ಬಂದಿದ್ದ ಅವ್ವ ಅಂಗಳದ ಕೊನೆಗೆ ಚಪ್ಪಲಿಗಳ ನಡುವೆ ನಿಂತಿದ್ದಳು. ಮೈಯೆಲ್ಲ ಉರಿದುಹೋಯಿತು. ಆ ಒಡಪು ನುಂಗಿ ನನ್ನದೇ ಒಂದು ಹೇಳಿದೆ.

"ಹೊಳಿ ದಂಡಿಗೆ ಬೆಳದೈತಿ ಎಳಿ ಬದನಿಕಾಯಿ,
ಒಡಪು ಕಟ್ಟಿ ಹೊರಗ ನಿಂತಾಕಿ ನನ್ನ ತಾಯಿ."

ಕೊನೆಗೆ ಅವ್ವನ ಹೆಸರಿಟ್ಟೆ.

ನನ್ನ ಸೋದರಮಾವ ಕೂಗಾಡಿದ. "ಗಂಡನ ಹೆಸರು ಹೇಳು ಅಂದ್ರ, ಬಿಟ್ಟು ಬಂದಾಕಿ ಹೆಸರು ಹೇಳ್ತಿಯೇನ? ಮಂದ್ಯಾಗ ಪರುವು-ಮರ್ಯಾದಿ ತೆಗದ್ಯಲ್ಲಬೇ!"

"ಗಂಡನ ಹೆಸರು ಹೇಳಾತನಕ ಒಳಗ ಬಿಡಂಗಿಲ್ಲ ನೋಡವಾ" ಎಂದರು ಅತ್ತೆ.

"ಆಕಿ ಹೊರಗಿದ್ರ ನಾನೂ ಹೊರಗರಿ" ಎಂದೆ. ಗಂಡ ಅಕ್ಕಿಯ ಸೇರನ್ನೇ ನೋಡುತ್ತಾ ನಿಂತಿದ್ದ.

ಅವ್ವ ಮೆಟ್ಟಿಲೇರಿ ಬಂದಳು. ನನ್ನನ್ನು ಬೈಯಲು ಬಂದಳೆಂದೇ ಎಲ್ಲರೂ ತಿಳಿದರು, ನಾನೂ ತಿಳಿದೆ. ಅವಳು ಸೆರಗು ಸರಿಮಾಡಿಕೊಂಡು, "ಊರಿಗೆಲ್ಲ ಕಟ್ಟಿಕೊಟ್ಟೀನ್ರಿ, ಇವತ್ತು ನಾನೂ ಒಂದು ಹೇಳ್ತೀನಿ" ಎಂದಳು. ಎರಡೇ ಸಾಲು. ಅದರ ಕೊನೆಗೆ ಗಂಡನ ಹೆಸರು ಬರಲಿಲ್ಲ, ನನ್ನದೂ ಬರಲಿಲ್ಲ. ತನ್ನದೇ ಹೆಸರಿಟ್ಟಳು.

ಅತ್ತೆಯ ಕೈ ಬಾಗಿಲಲ್ಲೇ ಇತ್ತು. ನಾನೇ ಅದನ್ನು ಸರಿಸಿ, ಅವ್ವನನ್ನು ಮುಂದೆ ಮಾಡಿಕೊಂಡು ಒಳಗೆ ಹೋದೆ.