ಹತ್ತಿ ದರದ ನಡುವೆ ತೂಗಿದ ತೊಟ್ಟಿಲು

ಎರಡು ಸಾವಿರದ ಇಪ್ಪತ್ತಮೂರನೆಯ ಇಸವಿ. ನನಗಾಗ ಐವತ್ತನಾಲ್ಕು ವರ್ಷ. ಮಾಸ್ತರಿಕೆಯಿಂದ ಸ್ವಯಂನಿವೃತ್ತಿ ಪಡೆದಿದ್ದರೂ ತಿದ್ದುವ ಚಟದಿಂದ ನಿವೃತ್ತಿ ದೊರೆತಿರಲಿಲ್ಲವಾದ್ದರಿಂದ, ಮೊರಬದ ನಮ್ಮ ಓಣಿಯ ಕಟ್ಟೆಯ ಮೇಲೆ ದಿನವೂ ಮೊಬೈಲಿನಲ್ಲಿ ಸುದ್ದಿ ಓದಿಹೇಳುವ ಕಾಯಕವನ್ನು, ಯಾರೂ ಕೇಳದಿದ್ದರೂ, ವಹಿಸಿಕೊಂಡಿದ್ದೆ.

ಒಂದು ಬೆಳಿಗ್ಗೆ ಹತ್ತಿಯ ದರವನ್ನು ಸ್ಫುಟವಾಗಿ ಓದುತ್ತಿದ್ದಾಗ ಪರದೆಯ ನಡುವೆ ಕಲಘಟಗಿಯ ಬಣ್ಣದ ತೊಟ್ಟಿಲೊಂದು ಪ್ರತ್ಯಕ್ಷವಾಗಿ, ತಾನಾಗಿಯೇ ತೂಗತೊಡಗಿತು. ಪಕ್ಕದಲ್ಲಿ ಕುಳಿತಿದ್ದ ನೆರೆಮನೆಯ ನಿಂಗಪ್ಪ ಕಾಕಾ ಕತ್ತು ಚಾಚಿದ.

“ಏನ್ರಿ ಮಾಸ್ತರ, ಹತ್ತಿ ರೇಟಿನ ನಡುವ ತೊಟ್ಟಲಾ ಯಾಕ ತೂಗಾಕತ್ತೈತಿ?”

ಕಾರಣ ನನಗೆ ಗೊತ್ತಿತ್ತು. ಸೊಸೆ ಶೋಭಾ ಬಸುರಿಯಾಗಿದ್ದಳು. ಹಿಂದಿನ ವರ್ಷ ಮೂರನೆಯ ತಿಂಗಳಲ್ಲೇ ಗರ್ಭ ಜಾರಿದಾಗ, ಅಭಿನಂದಿಸಲು ಬಂದಿದ್ದವರೇ ಮರಳಿ ಬಂದು ಸಾಂತ್ವನ ಹೇಳಿದ್ದನ್ನು ಅವಳು ಮರೆತಿರಲಿಲ್ಲ. ಐದು ತಿಂಗಳು ತುಂಬುವತನಕ ಸುದ್ದಿ ಹೊಸ್ತಿಲು ದಾಟಬಾರದೆಂಬ ನಮ್ಮ ಮನೆಯ ಪದ್ಧತಿಯನ್ನು ಈ ಸಲವಾದರೂ ಬಿಗಿಯಾಗಿ ಪಾಲಿಸಿರೆಂದು ಬೇಡಿಕೊಂಡಿದ್ದಳು. ಪಾಲಿಸಿದ್ದೆ, ನಾಲಿಗೆಯಿಂದ. ಬೆರಳು ಮಾತ್ರ ತೊಟ್ಟಿಲುಗಳನ್ನು ಹುಡುಕಿ, ಅಡ್ಡಬಂದ ಷರತ್ತುಗಳಿಗೆಲ್ಲ ‘ಒಪ್ಪಿದೆ’ ಎಂದು ಒತ್ತಿತ್ತು. ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರಿಸಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮಹಾನುಭಾವನ ಬೆರಳದು!

“ಇವು ಎಲ್ಲಾರಿಗೂ ಬರ್ತಾವ ಕಾಕಾ,” ಎಂದೆ.

“ಸುಳ್ಳ ಹೇಳಬ್ಯಾಡ್ರಿ. ನಂದ್ರಾಗ ಬರೇ ಮಣಕಾಲ ಎಣ್ಣಿ ಬರ್ತೈತಿ!”

ತನ್ನ ಮೊಣಕಾಲು ಕಬ್ಬಿಣದ್ದೆಂದು ಓಣಿಗೆಲ್ಲ ಸಾರಿದ್ದ ಕಾಕಾ ತಟ್ಟನೆ ನಾಲಿಗೆ ಕಚ್ಚಿಕೊಂಡ. ಕಟ್ಟೆಯ ಮೇಲೆ ಕುಳಿತು ನಕ್ಕವರೆಲ್ಲ ತಂತಮ್ಮ ಮೊಬೈಲನ್ನು ಮೆಲ್ಲನೆ ಕಿಸೆಗಿಳಿಸಿದರು. ಕಾಕಾ ನನ್ನ ಮುಖವನ್ನೊಮ್ಮೆ ನೋಡಿ, ಪರದೆಯನ್ನು ಅಂಗೈಯಿಂದ ಮುಚ್ಚಿದ.

“ಹೋಗ್ಲಿ ಬಿಡ್ರಿ. ಮುಂದ ಓದ್ರಿ.”

ಜಾಹೀರಾತಿನ ಮೇಲೆ ನನಗೆ ಸಾರಾಸಗಟು ದ್ವೇಷವಿಲ್ಲ. ನಮ್ಮ ಹೊಲಕ್ಕೊಪ್ಪುವ ಹನಿ ನೀರಾವರಿಯ ಕೊಳವೆಯನ್ನು ತೋರಿಸಿದ್ದೂ ಅದೇ. ನಮ್ಮ ಸಂಗತಿ ಪರರಿಗೆ ತಿಳಿಯುವುದನ್ನು ಹಳ್ಳಿಯಲ್ಲಿ ತಪ್ಪಿಸಲಾಗದು. ಆದರೆ ತಿಳಿದ ಮೇಲೂ ತಿಳಿಯದಂತಿರುವ ಸೌಜನ್ಯ ಕಾಕಾನಿಗಿತ್ತು, ಯಂತ್ರಕ್ಕಿರಲಿಲ್ಲ.

ಮನೆಗೆ ಹೋಗಿ ಶೋಭಾಳಿಗೆ ನಡೆದದ್ದನ್ನು ಹೇಳಿದೆ. ಅವಳ ಮುಖ ಒಂದು ಕ್ಷಣ ಬಾಡಿತು. ಆಮೇಲೆ, “ಓದದs ಒಪ್ಪಿದ್ರೇನ್ರಿ ಮಾವಾರ, ನೀವು?” ಎಂದು ನಗು ತಡೆಯಲಾರದೆ ಕೇಳಿ, ಮೊಬೈಲಿನಿಂದ ನನ್ನ ಹುಡುಕಾಟಗಳನ್ನಳಿಸಿ, ಆಸಕ್ತಿ ನೋಡಿ ಜಾಹೀರಾತು ತೋರುವ ಅನುಮತಿಯನ್ನು ಹಿಂಪಡೆದಳು. ಕೃಷಿಯದೊಂದನ್ನು ಮಾತ್ರ ಬೇಡಿ ಉಳಿಸಿಕೊಂಡೆ.

ಆಮೇಲೆ ವಾರಗಟ್ಟಲೆ ನಮ್ಮ ಮನೆಗೆ ಯಾರೂ ಏನನ್ನೂ ಕೇಳಿಕೊಂಡು ಬರಲಿಲ್ಲ. ಐದು ತಿಂಗಳು ತುಂಬಿದ ಮರುದಿನ ಶೋಭಾ, “ಇವತ್ತ ನೀವs ಹೇಳಿ ಬರ್ರಿ,” ಎಂದು ಕೈಗೆ ಸಕ್ಕರೆಯ ಡಬ್ಬಿ ಕೊಟ್ಟಳು. ಕಟ್ಟೆಯ ಮೇಲೆ ನಿಂತು, ಗಂಟಲು ಸರಿಪಡಿಸಿಕೊಂಡು ಸುದ್ದಿ ಹೇಳಿದೆ. ನಿಂಗಪ್ಪ ಕಾಕಾ ಕಣ್ಣರಳಿಸಿ, ಎರಡೂ ಕೈಯೆತ್ತಿ ಬೆರಗಾದ:

“ಅಯ್ ಹೌದ್ರೀ? ಖರೇನ ನಮಗ್ಯಾರಿಗೂ ಗೊತ್ತs ಇರಲಿಲ್ಲ ನೋಡ್ರಿ!”

ಕಟ್ಟೆಗೆ ಕಟ್ಟೆಯೇ ಗಂಭೀರವಾಗಿ ತಲೆಯಾಡಿಸಿತು. ಅಂದು ೨೦೨೩ರ ನವೆಂಬರ್ ೨೪, ಶುಕ್ರವಾರ.