ಎರಡು ಸದ್ದಿಗೆ ಎರಡು ಬೆರಳು

ಬೆಳಗಿನ ಐದೂವರೆ. ಬೀದಿ ದೀಪಗಳು ಇನ್ನೂ ಆರಿಲ್ಲ. ಅರ್ಧ ಎತ್ತಿದ ಷಟರ್ ಕೆಳಗೆ ಬಗ್ಗಿ ಟೈರ್ ಅಂಗಡಿಯ ಒಳಗೆ ಹೋದರೆ, ಗೋಡೆಗೆ ಒತ್ತಿಕೊಂಡಿರುವ ಕಬ್ಬಿಣದ ಪಂಜರದಲ್ಲಿ ದೊಡ್ಡ ಮೋಟಾರ್‌ಸೈಕಲ್ಲಿನ ಹಿಂಚಕ್ರವೊಂದು ನಿಂತಿದೆ. ಅದಕ್ಕೆ ತೊಡಿಸಿರುವುದು ಕಾರಿನ ಟೈರು. ಯಜಮಾನರು ಮಂಡಿಯೂರಿ ಕೂತು, ಬಣ್ಣ ಬಳಿಯುವ ಹಳೆಯ ಬ್ರಷ್ಷಿನಲ್ಲಿ ಟೈರಿನ ಅಂಚಿಗೆ ಸೋಪಿನ ನೀರು ಹಚ್ಚುತ್ತಿದ್ದಾರೆ. ಅರವತ್ತೆರಡರ ಮಂಡಿ, ಏಳುವಾಗ ನೆಲಕ್ಕೆ ಕೈ ಊರಬೇಕು.

ಕಂಪ್ರೆಸರ್ ಆರಿಸುತ್ತಾರೆ. ಫ್ಯಾನ್ ಆರಿಸುತ್ತಾರೆ. ಪತ್ರಿಕೆಗೆ ಬರೆಯಲು ಬಂದಿರುವ ನನ್ನ ಕಡೆ ತಿರುಗಿ ಬಾಯಿಯ ಮೇಲೆ ಬೆರಳಿಡುತ್ತಾರೆ. ಟ್ಯಾಂಕಿನಲ್ಲಿ ತುಂಬಿಟ್ಟ ಗಾಳಿಯ ಉದ್ದನೆಯ ಪೈಪು ಹಿಡಿದು ಎಂಟು ಹೆಜ್ಜೆ ಹಿಂದೆ ಸರಿಯುತ್ತಾರೆ. ಬಾಗಿಲ ಬಳಿ ಸ್ಟೂಲಿನ ಮೇಲೆ ಅವರ ಹೆಂಡತಿ ಕೂತಿದ್ದಾರೆ. ಹೆಗಲಿಗೆ ಶಾಲು, ಮಡಿಲಲ್ಲಿ ಮುಚ್ಚಿದ ಮುಷ್ಟಿ. ಅವರ ಕಣ್ಣು ಚಕ್ರದ ಮೇಲಿಲ್ಲ, ಎದುರಿನ ಖಾಲಿ ಗೋಡೆಯ ಮೇಲಿದೆ. ಗಾಳಿ ನುಗ್ಗುತ್ತದೆ. 'ಟಪ್' ಎಂದು ಒಂದು ಸದ್ದು. ಆಕೆ ಒಂದು ಬೆರಳು ಎತ್ತುತ್ತಾರೆ. ಸ್ವಲ್ಪ ಹೊತ್ತಿಗೆ ಎರಡನೇ ಬೆರಳು. ಯಜಮಾನರು ಗಾಳಿ ನಿಲ್ಲಿಸುತ್ತಾರೆ.

ಟೈರಿಗೆ ಎರಡು ಅಂಚು. ಗಾಳಿ ತುಂಬಿದಾಗ ಒಂದೊಂದೂ ರಿಮ್ಮಿನ ಕಟ್ಟೆಗೆ ಏರಿ ಕೂರುವಾಗ ಒಂದು ಸದ್ದು ಮಾಡುತ್ತದೆ. ಎರಡು ಸದ್ದು ಬಂದರೆ ಕೆಲಸ ಆಯಿತು. ಗಾಳಿಯ ಒತ್ತಡ ತೋರಿಸುವ ಮುಳ್ಳು ನಲವತ್ತು ಮುಟ್ಟಿದರೂ ಎರಡನೆಯದು ಬರದಿದ್ದರೆ ಗಾಳಿ ಬಿಟ್ಟು ಮತ್ತೆ ಸೋಪು ಹಚ್ಚಬೇಕು. ಒತ್ತಾಯ ಮಾಡಿದರೆ ಟೈರು ಸಿಡಿಯುತ್ತದೆ. ಕಾರಿನ ಟೈರು ಬೈಕಿನ ರಿಮ್ಮಿಗೆ ಹುಟ್ಟಿದ್ದಲ್ಲ, ಸುಲಭಕ್ಕೆ ಒಗ್ಗುವುದಿಲ್ಲ. ಸದ್ದು ಕಿವಿ ತಪ್ಪಬಾರದು, ಹಾಗಾಗಿಯೇ ಈ ಒಂದು ಕೆಲಸ ಬೀದಿ ಏಳುವ ಮೊದಲೇ ಆಗಬೇಕು.

ಸಾಮಾನು ಹೇರಿಕೊಂಡು ದೂರ ಹೋಗುವವರ ಬೈಕಿನಲ್ಲಿ ಹಿಂದಿನ ಟೈರು ಹತ್ತು ಹನ್ನೆರಡು ಸಾವಿರ ಕಿಲೋಮೀಟರಿಗೇ ಬೋಳಾಗುತ್ತದೆ. ಕಾರಿನದಾದರೆ ಮೂರು ಪಟ್ಟು ಬಾಳುತ್ತದೆ ಎಂಬುದು ಅವರ ಲೆಕ್ಕಾಚಾರ. ಊರಿನ ಉಳಿದ ಅಂಗಡಿಯವರು ಯಾರಿಗೆ ಬೇಕಪ್ಪ ಈ ಉಸಾಬರಿ ಎಂದು ಕೈಮುಗಿದು ಕಳಿಸುತ್ತಾರೆ. ಕಳಿಸುವುದು ಇಲ್ಲಿಗೇ.

"ಬೇಡ ಅನ್ನೋರು ಹೇಳೋದು ಸುಳ್ಳಲ್ಲ ಕಣ್ರೀ," ಎನ್ನುತ್ತಾರೆ ಯಜಮಾನರು. "ಬೈಕಿನ ಟೈರು ಗುಂಡಗಿರುತ್ತೆ, ತಿರುವಲ್ಲಿ ತಾನೇ ವಾಲುತ್ತೆ. ಕಾರಿಂದು ಚಪ್ಪಟೆ. ಮೊಂಡು ಹಸೂನ ಎಳ್ಕೊಂಡು ಹೋದ ಹಾಗೆ, ತಿರುಗಿಸೋಷ್ಟರಲ್ಲಿ ತೋಳು ಬಿದ್ದುಹೋಗುತ್ತೆ. ಎಲ್ಲಾನೂ ಹೇಳ್ತೀನಿ. ಹೇಳಿದ್ಮೇಲೂ ಬೇಕೇ ಬೇಕು ಅಂದ್ರೆ, ಕಂಡಕಂಡ ಕಡೆ ಹಾಕಿಸ್ಕೊಂಡು ಸಾಯೋದಕ್ಕಿಂತ ನನ್ನ ಹತ್ರ ಹಾಕಿಸ್ಕೊಳ್ಳಲಿ."

ಹಾಕಿದ ಮೇಲೂ ಸುಮ್ಮನೆ ಬಿಡುವವರಲ್ಲ. ಅಂಗಡಿಯ ಹಿಂದಿನ ಬಯಲಿನಲ್ಲಿ ಎಡಕ್ಕೆ ಹತ್ತು ಸುತ್ತು, ಬಲಕ್ಕೆ ಹತ್ತು ಸುತ್ತು ಓಡಿಸಿ ತೋರಿಸಬೇಕು. ತಡವರಿಸಿದರೆ ಹಳೆಯ ಟೈರನ್ನೇ ಮತ್ತೆ ಹಾಕಿ ಕಳಿಸುತ್ತಾರೆ. ಇಷ್ಟೆಲ್ಲ ಮುಗಿದ ಮೇಲೆ ಅಂಗಡಿಯ ಮಾಮೂಲಿ ದಿನ ಶುರು: ಮೂವತ್ತು ಪಂಕ್ಚರ್, ನಾಲ್ಕೈದು ಹೊಸ ಟೈರು. ಎಡಗೈ ಹೆಬ್ಬೆರಳಿಗೆ ಉಗುರಿಲ್ಲ. ಬೆನ್ನಿಗೆ ಬೆಲ್ಟು. "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಕೈ ಕೆಸರಾಗಿ ನಲವತ್ತು ವರ್ಷ ಆಯ್ತು. ಮೊಸರು ಇನ್ನೂ ಹೆಪ್ಪಾಗ್ತಾನೇ ಇದೆ," ಎಂದು ನಗುತ್ತಾರೆ.

ನಗು ಬೇಗ ನಿಲ್ಲುತ್ತದೆ. ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ, ಅವಸರದಲ್ಲಿದ್ದ ಗಿರಾಕಿಯೊಬ್ಬನ ಚಕ್ರಕ್ಕೆ ಗಾಳಿ ಹಿಡಿದಿದ್ದರು. ಒಂದು ಸದ್ದು ಬಂತು. ಅದೇ ಸದ್ದು ಮೇಲಿನ ತಗಡಿಗೆ ಬಡಿದು ವಾಪಸ್ ಬಂತು. ಕಂಪ್ರೆಸರ್‌ಗಳ ನಡುವೆ ಸವೆದ ಕಿವಿ ಅದನ್ನು ಎರಡನೆಯದು ಎಂದುಕೊಂಡಿತು. ಗೋಡೆ ಕಡೆಯ ಅಂಚನ್ನು ಬೆರಳಾಡಿಸಿ ನೋಡುವ ತಾಳ್ಮೆ ಅಂದು ಅವರಿಗೂ ಇರಲಿಲ್ಲ. ನಲವತ್ತು ಕಿಲೋಮೀಟರ್ ಆಚೆ, ಒಂದು ತಿರುವಿನಲ್ಲಿ ಆ ಅಂಚು ಜಾರಿತು. ಹುಡುಗ ಬದುಕಿದ, ಬಲಗಾಲು ಮಂಡಿಯಿಂದ ಕೆಳಗೆ ಹೋಯಿತು. ಈಗ ಹತ್ತಿರದ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುತ್ತಾನೆ. ಯಜಮಾನರು ಒಂದು ರಿಜಿಸ್ಟರ್ಡ್ ಕಾಗದ ಹಾಕಬೇಕೆಂದರೂ ಎರಡು ಬಸ್ಸು ಬದಲಿಸಿ ಬೇರೆ ಅಂಚೆ ಕಚೇರಿಗೆ ಹೋಗುತ್ತಾರೆ.

"ಅವನು ಒಂದು ಮಾತೂ ಅನ್ನಲಿಲ್ಲ. ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ.

ಒಂದು ವರ್ಷ ಆ ಕೆಲಸವನ್ನೇ ಮುಟ್ಟಲಿಲ್ಲ. ಬೇರೆಲ್ಲೋ ಹಾಕಿಸಿಕೊಂಡು ಬಿದ್ದವರ ಸುದ್ದಿ ಬರತೊಡಗಿದಾಗ ದಾರಿ ತೋರಿಸಿದ್ದು ಹೆಂಡತಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹದಿನೆಂಟು ವರ್ಷ ದುಡಿದ ಕಿವಿ ಅವರದು. ಹಲೋ ಎಂದರೆ ಸಾಕು, ಇಂಥವರೇ ಎಂದು ಹೇಳುತ್ತಿದ್ದರಂತೆ. "ಇವರ ಹತ್ರ ಮಾತಾಡೋದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕೂಗಿ ಹೇಳಿದ್ರೆ ಗಾಳಿ ಸದ್ದಲ್ಲಿ ಕೇಳಿಸಲ್ಲ. ಅದಕ್ಕೇ ಬೆರಳು ತೋರಿಸ್ತೀನಿ ಅಂದೆ," ಎನ್ನುತ್ತಾರೆ ಆಕೆ. ಆರು ವರ್ಷದಿಂದ ಆ ಸ್ಟೂಲು ಅವರದೇ. ಒಂದೊಂದು ಚಕ್ರ ಮುಗಿದಾಗಲೂ ಬಾಗಿಲ ಹಿಂದಿನ ಗೋಡೆಗೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುವುದು ಯಜಮಾನರ ಅಭ್ಯಾಸ. ಎಣಿಸಿದೆ, ಇನ್ನೂರ ಹನ್ನೊಂದು ಇವೆ.

ಈಗ ಬೆಳಗಿನ ಚಕ್ರಕ್ಕೆ ವಾಪಸ್ ಬರುತ್ತೇನೆ. ಅದು ನಿವೃತ್ತ ಸರ್ವೇಯರ್ ಒಬ್ಬರ ಬೈಕಿನದು. ನಾಳೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಸಮುದ್ರದ ಕಡೆ ಹೊರಡುವವರು. ಸ್ಟೂಲಿನ ಮೇಲಿನ ಆಕೆ ಎರಡು ಬೆರಳು ಎತ್ತಿದ್ದಾರೆ, ಗಾಳಿ ನಿಂತಿದೆ. ಯಜಮಾನರು ಪಂಜರ ತೆರೆದು, ಟೈರಿನ ಅಂಚಿಗೆ ಗುಂಡಗೆ ಓಡುವ ಸಣ್ಣ ಗೆರೆಯ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಈಚೆ ಬದಿ ಸರಿಯಿದೆ. ಗೋಡೆ ಕಡೆಯ ಬದಿಗೆ ಕೈ ಹಾಕುತ್ತಾರೆ. ಕೈ ಅಲ್ಲೇ ನಿಲ್ಲುತ್ತದೆ. ಒಂದು ಗೇಣಿನಷ್ಟು ಜಾಗದಲ್ಲಿ ಗೆರೆ ರಿಮ್ಮಿನೊಳಗೆ ಮುಳುಗಿದೆ. ಎರಡನೇ ಅಂಚು ಕೂತೇ ಇಲ್ಲ.

ಅವರು ಗಾಳಿ ಪೂರ್ತಿ ಬಿಟ್ಟು, "ಸೋಪು ಕಮ್ಮಿ ಆಯ್ತು ಅನ್ಸುತ್ತೆ," ಎಂದು ತಮ್ಮಷ್ಟಕ್ಕೇ ಗೊಣಗುತ್ತ ಬ್ರಷ್ಷಿಗೆ ಕೈ ಚಾಚುತ್ತಾರೆ.

ಆಕೆ ಎದ್ದು ಹೊರಗಿನ ನಲ್ಲಿಯ ಹತ್ತಿರ ಹೋಗುತ್ತಾರೆ. ನಾನೂ ಹಿಂದೆ ಹೋಗುತ್ತೇನೆ. "ನಂಗೆ ಎರಡನೇದು ಕೇಳಿಸಲಿಲ್ಲ," ಎನ್ನುತ್ತಾರೆ, ನಲ್ಲಿ ತಿರುಗಿಸದೆಯೇ. "ಓರೆಗಣ್ಣಲ್ಲಿ ನೋಡ್ದೆ, ಮುಳ್ಳು ಮೂವತ್ತೆರಡಕ್ಕೆ ಬಂದಿತ್ತು. ಯಾವಾಗ್ಲೂ ಅಷ್ಟೊತ್ತಿಗೆ ಬರುತ್ತೆ. ಬಂದಿರ್ಬೇಕು ಅಂದ್ಕೊಂಡು ಎತ್ಬಿಟ್ಟೆ. ಇದು ಮೂರನೇ ಸಲ. ಹಿಂದಿನ ಎರಡು ಸಲ ಹೆಂಗೋ ಕೂತಿತ್ತು, ಇವರಿಗೆ ಗೊತ್ತಾಗಲಿಲ್ಲ. ಹೇಳೋಕೆ ಬಾಯೇ ಬರಲಿಲ್ಲ. ಈ ಕೆಲಸ ಬಿಟ್ರೆ ಇವರು ಆ ಹುಡುಗನ ಕಾಲು ನೆನೆಸ್ಕೊಂಡು ಮತ್ತೆ ಮೂಲೆ ಸೇರ್ತಾರೆ."

ಪತ್ರಿಕೆಯಲ್ಲಿ ಇದನ್ನು ಬರೆಯುವುದಿಲ್ಲ ಎಂದೆ. ಆಕೆಗೆ ಸಿಟ್ಟು ಬಂತು. "ಬರೀರಿ. ಇನ್ನೊಂದು ಊರಲ್ಲಿ ನಮ್ಮ ಥರದೋರು ಇನ್ನೊಬ್ರು ಇದ್ರೆ, ಕಿವಿ ನಂಬ್ಕೊಂಡು ಕೂರಬಾರ್ದು ಅಂತ ಅವರಿಗಾದ್ರೂ ಗೊತ್ತಾಗ್ಲಿ."

ಒಳಗೆ ಎಲ್ಲ ಮತ್ತೆ ಮೊದಲಿನಿಂದ. ಸೋಪು, ಪಂಜರ, ಎಂಟು ಹೆಜ್ಜೆ. ಆಕೆ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ. ಗಾಳಿ ನುಗ್ಗುತ್ತದೆ. ಮೊದಲ ಸದ್ದು, ಆಕೆಯ ಒಂದು ಬೆರಳು ಮೇಲೇಳುತ್ತದೆ. ಮುಳ್ಳು ಮೂವತ್ತೆರಡು, ಮೂವತ್ತನಾಲ್ಕು, ಮೂವತ್ತಾರು. ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ, ಟಪ್. ಆಕೆ ಗೋಡೆ ನೋಡುತ್ತಲೇ ಇದ್ದಾರೆ, ಒಂದೇ ಬೆರಳು. ಯಜಮಾನರು ಆಕೆಯನ್ನು ನೋಡುತ್ತಾರೆ, ಆಮೇಲೆ ನನ್ನನ್ನು. ವರದಿಗಾರರು ಇಂಥ ಕಡೆ ಕೈ ಹಾಕಬಾರದು ಎನ್ನುತ್ತಾರೆ. ನಾನು ಎರಡು ಬೆರಳು ಎತ್ತುತ್ತೇನೆ.

ಗಾಳಿ ನಿಲ್ಲುತ್ತದೆ. ಯಜಮಾನರು ಎರಡೂ ಬದಿಯ ಗೆರೆಯ ಮೇಲೆ ಮೂರು ಮೂರು ಸಲ ಬೆರಳಾಡಿಸುತ್ತಾರೆ. ಸರಿಯಾಗಿ ಕೂತಿದೆ. ಆಮೇಲೆ ಹೊರಗೆ ಹೋಗಿ, ಕಪ್ಪು ಹಲಗೆಯ ಮೇಲೆ ಬರೆದಿರುವ ಕೆಲಸಗಳ ಪಟ್ಟಿಯಲ್ಲಿ 'ಬೈಕಿಗೆ ಕಾರಿನ ಟೈರು' ಎಂಬ ಕೊನೆಯ ಸಾಲನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಆಕೆ ಬಾಗಿಲಲ್ಲಿ ನಿಂತು ನೋಡುತ್ತಾರೆ. ನನಗೆ ಅಲ್ಲಿ ನಿಲ್ಲುವುದು ಕಷ್ಟವಾಗುತ್ತದೆ.

ಹೊರಡುವ ಮುಂಚೆ, ಓದುಗರಿಗೆ ಏನಾದರೂ ಹೇಳಬೇಕೆ ಎಂದು ಕೇಳುತ್ತೇನೆ. ಅವರು ಬಾಗಿಲ ಹಿಂದಿನ ಗೀಟುಗಳ ಕಡೆ ಕೈ ತೋರಿಸುತ್ತಾರೆ. ಹೆಂಡತಿಗೂ ಕೇಳಿಸಲಿ ಎಂದೋ ಏನೋ, ದನಿ ಜೋರಾಗಿದೆ.

"ಬರ್ಕೊಳ್ಳಿ. ಇನ್ನೂರ ಹನ್ನೊಂದು ಚಕ್ರ. ಒಬ್ಬನೂ ಬಿದ್ದಿಲ್ಲ. ಎಲ್ಲಾ ಇವಳ ಬೆರಳು."

"ಇವತ್ತಿಂದು ಸೇರಿಸಿದ್ರೆ ಇನ್ನೂರ ಹನ್ನೆರಡಲ್ವಾ?"

"ಇವತ್ತಿಂದು ನಿಮ್ಮ ಬೆರಳು," ಎನ್ನುತ್ತಾರೆ. "ಅದು ಅವಳ ಗೋಡೆಗೆ ಬೇಡ."