ಕಪಾಟಿನ ಗ್ರೀಕರು

ಪ್ರಾಚೀನ ಗ್ರೀಸಿನ ಚರಿತ್ರೆ, ತತ್ವಚಿಂತನೆ, ಪುರಾಣಗಳ ಪುಸ್ತಕಗಳು ನಮ್ಮ ಡೊಂಬಿವಲಿಯ ಕನ್ನಡ ಸಂಘಕ್ಕೆ ಬಂದದ್ದು ಲೋಕಲ್ ಟ್ರೇನಿನಲ್ಲಿ, ಗೋಧಿಹಿಟ್ಟಿನ ಚೀಲಗಳಲ್ಲಿ. ಠಾಣೆಯ ನೌಪಾಡಾದಲ್ಲಿದ್ದ ನಿವೃತ್ತ ಪ್ರಾಧ್ಯಾಪಕಿಯೊಬ್ಬರು ಮಗನಿದ್ದ ಪುಣೆಗೆ ಮನೆ ಬದಲಿಸುವಾಗ, "ರದ್ದಿಯವನಿಗೆ ಕೊಡಲು ಮನಸ್ಸಾಗುತ್ತಿಲ್ಲ" ಎಂದು ಅವನ್ನು ನನಗೆ ಒಪ್ಪಿಸಿದ್ದರು. ಬೇಲಾಪುರದ ಕಚೇರಿಯಿಂದ ಹಿಂತಿರುಗುವಾಗ ಠಾಣೆಯಲ್ಲಿ ಇಳಿದು, ಒಂದೊಂದು ಸಂಜೆ ಒಂದೊಂದು ಚೀಲವನ್ನು ಹೊತ್ತು ತಂದೆ. ಟ್ರೇನಿನ ಮಹಿಳೆಯರ ಡಬ್ಬಿಯಲ್ಲಿ ಯಾರೋ, "ಇಷ್ಟು ಹಿಟ್ಟು? ಮನೆಯಲ್ಲಿ ಮದುವೆಯಾ?" ಎಂದು ಕೇಳಿದ್ದೂ ಉಂಟು.

ಆಗ ನನಗೊಂದು ದೃಢವಾದ ನಂಬಿಕೆಯಿತ್ತು, ಈಗಲೂ ಇದೆ. ವಾದಿಸಲು ಕಲಿತ ಜನ ಜಗಳವಾಡುವುದನ್ನು ಕಡಿಮೆ ಮಾಡುತ್ತಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದು ಇದನ್ನೇ. ಎದುರಾಳಿಯ ಮಾತನ್ನು ಕೊನೆಯವರೆಗೆ ಕೇಳಿಸಿಕೊಳ್ಳದವನು ಅದಕ್ಕೆ ಉತ್ತರ ಕೊಡಲಾರ. ಊರಿನ ವ್ಯವಹಾರವನ್ನು ಬಯಲಿನಲ್ಲಿ ಕೂತು ಮಾತಿನಿಂದ ತೀರ್ಮಾನಿಸಿದ ಅಥೆನ್ಸಿನವರ ಕತೆಯನ್ನು ನಮ್ಮವರು ಓದಿದರೆ ನಮ್ಮ ಸಭೆಗಳ ಸ್ವರೂಪವೇ ಬದಲಾದೀತು ಎಂದು ಆಶಿಸಿ, ಪ್ರತಿ ಭಾನುವಾರ ಓದುಗೂಟವೆಂದು ಫಲಕ ಹಾಕಿದೆ. ಮೊದಲ ಭಾನುವಾರ ನಾನೊಬ್ಬಳೇ ಇದ್ದೆ. ಎರಡನೆಯ ಭಾನುವಾರ ಮಳೆಯಿಂದ ತಪ್ಪಿಸಿಕೊಳ್ಳಲು ಒಬ್ಬರು ಬಂದು, ಮಳೆ ನಿಂತ ಕೂಡಲೇ ಹೊರಟುಹೋದರು.

ಸಂಘದ ಅಧ್ಯಕ್ಷರು ಉಡುಪಿಯ ಕಡೆಯವರು, ಸಜ್ಜನರು. ಆದರೆ ಅವರ ಕಷ್ಟ ಅವರಿಗೆ. ಸಂಘದಲ್ಲಿ ಇದ್ದದ್ದು ಒಂದೇ ಕಪಾಟು, ಅದರ ತುಂಬ ಈಗ ನನ್ನ ಪುಸ್ತಕಗಳು. ಮೊದಲು ಅದರಲ್ಲಿದ್ದ ಸನ್ಮಾನದ ಶಾಲುಗಳ ಕಟ್ಟುಗಳು ಅವರ ಮನೆಯ ಮಂಚದ ಕೆಳಗಿದ್ದವು.

"ಅಲ್ಲ ಮೇಡಂ, ಈ ಗ್ರೀಕರಿಗೂ ನಮಗೂ ಎಂತ ಸಂಬಂಧ? ನಮ್ಮ ಮನೆಯವಳು ದಿನಾ ಕೇಳ್ತಾಳೆ, ಇದು ಮನೆಯಾ ಗೋಡೌನಾ ಅಂತ. ದೀಪಾವಳಿವರೆಗೆ ನೋಡುವ. ಯಾರೂ ಓದದಿದ್ರೆ ಕಪಾಟು ಖಾಲಿ ಮಾಡುವುದೇ."

ಅವರ ವಾದದಲ್ಲಿ ತರ್ಕದೋಷವಿರಲಿಲ್ಲ. ಪುಸ್ತಕ ಉಳಿಯಬೇಕಾದರೆ ದೀಪಾವಳಿಯೊಳಗೆ ಓದುಗರು ಹುಟ್ಟಬೇಕಿತ್ತು.

ಒಂದು ಸಂಜೆ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ, ಆ ಪುಸ್ತಕಗಳಲ್ಲೊಂದನ್ನು ತೆರೆದು ಕೂತಿದ್ದೆ. ಹೋಟೆಲಿನ ಯಜಮಾನರು ತಾಳಮದ್ದಳೆಯ ಅರ್ಥಧಾರಿಗಳು. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರು ಹಾಡಿದ ಪದ್ಯಕ್ಕೆ ಕೂತಲ್ಲೇ ಮಾತು ಕಟ್ಟಿ ಎದುರಿನವರನ್ನು ಕಟ್ಟಿಹಾಕುವ ಕಲೆಯಲ್ಲಿ ಕಲ್ಯಾಣದವರೆಗೂ ಹೆಸರಾದವರು. ಗಲ್ಲಾದಿಂದ ಎದ್ದುಬಂದು ಪುಟದಲ್ಲಿದ್ದ ಚಿತ್ರವನ್ನು ನೋಡಿದರು.

"ಈ ಬೋಳುತಲೆಯ ಅಜ್ಜ ಯಾರು?"

ತತ್ವಜ್ಞಾನಿ, ಊರವರಿಗೆಲ್ಲ ಪ್ರಶ್ನೆ ಕೇಳುತ್ತಿದ್ದವನು, ಊರ ದೇವರನ್ನು ನಂಬದೆ ಯುವಕರನ್ನು ಕೆಡಿಸಿದನೆಂಬ ಆರೋಪಕ್ಕೆ ವಿಷ ಕುಡಿದವನು ಎಂದೆ.

"ವಿಚಾರಣೆ ಆಗಿತ್ತಾ?"

"ನೂರಾರು ನಾಗರಿಕರ ಮುಂದೆ. ತನ್ನ ಪರವಾಗಿ ತಾನೇ ವಾದಿಸಿದ."

"ವಕೀಲ ಇಲ್ಲದೆ?" ಅವರು ಎದುರಿನ ಕುರ್ಚಿ ಎಳೆದು ಕೂತರು. "ಹಾಗಾದ್ರೆ ಇದು ನಮ್ಮ ತಾಳಮದ್ದಳೆಗೆ ಪ್ರಸಂಗ ಅಲ್ವಾ ಮಾರಾಯ್ರೆ! ಪುಸ್ತಕ ಕೊಡಿ ಇಲ್ಲಿ."

ಇಂಗ್ಲಿಷ್ ಪುಸ್ತಕವನ್ನು ಅವರಿಗೆ ಓದಿ ಹೇಳಿದ್ದು ಕಾಲೇಜಿಗೆ ಹೋಗುತ್ತಿದ್ದ ಮಗಳು. ಡೊಂಬಿವಲಿಯಲ್ಲೇ ಹುಟ್ಟಿದವಳು; ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. "ಪಪ್ಪಾ, ಯೇ ತೋ ಸಬ್‌ಕೋ ಸವಾಲ್ ಪೂಛ್‌ಕೇ ಪರೇಶಾನ್ ಕರ್ತಾ ಹೈ. ಬಿಲ್ಕುಲ್ ಆಪ್ ಜೈಸಾ!" ಎಂದಳಂತೆ. ಎಲ್ಲರಿಗೂ ಪ್ರಶ್ನೆ ಕೇಳಿ ಕಾಡುವ ಈತ ಥೇಟ್ ತನ್ನಂತೆ ಎಂದದ್ದು ತಂದೆಗೆ ಪ್ರಶಸ್ತಿಯಂತೆ ಕಂಡಿತು. ಬಂದ ಗಿರಾಕಿಗಳಿಗೆಲ್ಲ ಹೇಳಿದರು.

ದೀಪಾವಳಿಗೆ ಮುಂಚಿನ ಒಂದು ಭಾನುವಾರ ಮಧ್ಯಾಹ್ನ ತಾಳಮದ್ದಳೆ ನಿಶ್ಚಯವಾಯಿತು. ಆರೋಪಿ ಹೋಟೆಲಿನ ಯಜಮಾನರು, ಆರೋಪ ಹೊರಿಸುವವಳು ನಾನು. ಭಾಗವತರು ಭಾಮಿನಿ ಷಟ್ಪದಿಯಲ್ಲಿ ಹೊಸ ಪದ್ಯಗಳನ್ನೇ ಬರೆದುಕೊಂಡರು. ನಾನೊಂದು ಸುಧಾರಣೆಯನ್ನು ಸೂಚಿಸಿದೆ: ಅಥೆನ್ಸಿನಂತೆ ತೀರ್ಪನ್ನು ಸಭಿಕರೇ ಕೊಡಲಿ. ಅಲ್ಲಿ ಹೆಂಗಸರಿಗೂ ಗುಲಾಮರಿಗೂ ಮತವಿರಲಿಲ್ಲ. ಆ ಅನ್ಯಾಯವನ್ನು ಡೊಂಬಿವಲಿಯಲ್ಲಾದರೂ ಸರಿಪಡಿಸೋಣ. ಮತಕ್ಕೆ ಹೋಟೆಲಿನ ಟೋಕನ್‌ಗಳು ಬಂದವು: ಕೆಂಪು ಅಂದರೆ ಅಪರಾಧಿ, ಬಿಳಿ ಅಂದರೆ ನಿರಪರಾಧಿ. ವಿಷದ ಬಟ್ಟಲಿಗೆ ಜೀರಿಗೆ ಕಷಾಯ.

ಸಂಘದ ಕೋಣೆ ತುಂಬಿತ್ತು. ಮದ್ದಳೆಯ ಪೆಟ್ಟು ಬಿದ್ದೊಡನೆ ಬೆನ್ನು ನೆಟ್ಟಗೆ ಮಾಡಿ ಕೂತೆ. "ಎಲವೋ ವೃದ್ಧನೇ! ನಿನ್ನ ಮಾತನ್ನು ಕೇಳಿ ಈ ನಗರದ ಮಕ್ಕಳು ಹೆತ್ತವರಿಗೆ ಎದುರಾಡುತ್ತಿದ್ದಾರೆ!" ಎಂದು ಗರ್ಜಿಸಿದೆ.

ಅವರು ನಿಧಾನವಾಗಿ ಶಾಲನ್ನು ಹೆಗಲಿಗೆ ಏರಿಸಿಕೊಂಡರು. "ಆಗಲಿ ತಾಯಿ. ಅಥೆನ್ಸಿನ ಮಕ್ಕಳನ್ನು ನಾನು ಕೆಡಿಸಿದೆ ಎಂದೇ ಇಟ್ಟುಕೊಳ್ಳೋಣ. ನನ್ನ ಮುಖವನ್ನೇ ಕಾಣದ ಈ ಡೊಂಬಿವಲಿಯ ಮಕ್ಕಳು ಎದುರಾಡುತ್ತಾರಲ್ಲ, ಅವರನ್ನು ಕೆಡಿಸಿದವರು ಯಾರು?"

ಸಭೆಯಲ್ಲಿ ನಗೆ ಸಿಡಿಯಿತು. ನಾನು ಕಲಿತ ವಿದ್ಯೆಯನ್ನೆಲ್ಲ ಹೂಡಿದೆ. ಒಂದೆರಡು ಸಲ ಅವರು ಶಾಲು ಸರಿಪಡಿಸಿಕೊಳ್ಳುತ್ತ ಉತ್ತರ ಹುಡುಕಿದ್ದೂ ಉಂಟು. ಅಂಥ ಎದುರಾಳಿ ಕಾಲೇಜಿನಲ್ಲೂ ನನಗೆ ಸಿಕ್ಕಿರಲಿಲ್ಲ. ಬದುಕಿನಲ್ಲಿ ಅಷ್ಟು ಸಂತೋಷದಿಂದ ನಾನು ಇನ್ನೆಲ್ಲೂ ವಾದಿಸಿಲ್ಲ.

ಆದರೆ ಒಂದು ವಿಷಯವನ್ನು ಯಾರೂ ಯೋಚಿಸಿರಲಿಲ್ಲ. ತಾಳಮದ್ದಳೆಯಲ್ಲಿ ಕತೆಯ ಕೊನೆ ಮೊದಲೇ ನಿಶ್ಚಯ. ಮಾತಿನಲ್ಲಿ ಗೆದ್ದವನೂ ಕತೆಗೆ ತಲೆಬಾಗಿ ಸೋಲುತ್ತಾನೆ. ನಾವು ಕೊನೆಯನ್ನೇ ಸಭಿಕರ ಕೈಗೆ ಕೊಟ್ಟಿದ್ದೆವು. ಒಳ್ಳೆಯ ಅರ್ಥಗಾರಿಕೆಯ ರುಚಿ ಬಲ್ಲ ಆ ಜನ ಚೆನ್ನಾಗಿ ಮಾತಾಡಿದವನನ್ನು ಕೊಲ್ಲುತ್ತಾರೆಯೇ? ಟೋಕನ್ ಹಾಕಿದ ಡಬ್ಬಿಯನ್ನು ಬಗ್ಗಿಸಿದಾಗ ಮೇಜಿನ ಮೇಲೆ ಬಿಳಿಯೋ ಬಿಳಿ; ಕೆಂಪು ಅಲ್ಲೊಂದು ಇಲ್ಲೊಂದು. ತತ್ವಜ್ಞಾನಿ ಖುಲಾಸೆಯಾದ! ಮರಣದ ಪದ್ಯ ಹಿಡಿದು ಕೂತಿದ್ದ ಭಾಗವತರು, "ಇನ್ನು ನಾನು ಹಾಡುವುದೆಂತ?" ಎಂದು ಗಾಬರಿಯಾಗಿ ನೇರವಾಗಿ ಕೊನೆಯ ಮಂಗಳಪದ್ಯಕ್ಕೇ ಇಳಿದರು. ಆರೋಪಿ ಬಟ್ಟಲನ್ನು ಎತ್ತಿಕೊಂಡು, "ಬಿಡುಗಡೆ ಆಯ್ತಲ್ಲ, ಇನ್ನು ಧೈರ್ಯದಲ್ಲಿ ಕುಡಿಯಬಹುದು" ಎಂದು ಕಷಾಯ ಮುಗಿಸಿದರು.

ಚಪ್ಪಾಳೆಯ ನಡುವೆ ಧಾರವಾಡದ ನಿವೃತ್ತ ಮಾಸ್ತರರೊಬ್ಬರು ಎದ್ದು ನಿಂತರು. ಕೆಂಪು ಹಾಕಿದವರಲ್ಲಿ ಅವರೂ ಒಬ್ಬರು.

"ತಂಗೀ, ನಿಲ್ಲರಿ. ಇಲ್ಲಿ ಬಿಟ್ಟೀವಿ, ಖರೆ. ಅಲ್ಲಿ ಮತ್ಯಾಕ ಕೊಂದ್ರು? ಆ ಊರಿನ ಮಂದಿ ಎಲ್ಲಾರೂ ಹುಚ್ಚರಿದ್ರೇನು? ಅವರದೂ ಏನರೆ ಮಾತಿರಬೇಕಲ್ಲ!"

"ಕೊಲ್ಲುವವರಿಗೆ ಎಂತ ಮಾತು?" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಕೋಣೆಯೇ ಎರಡು ಪಕ್ಷವಾಯಿತು.

"ಅವರ ಮಾತೂ ಇದೆ," ಎಂದೆ. "ಯುದ್ಧ ಸೋತಿದ್ದರು, ಹೆದರಿದ್ದರು. ಎಲ್ಲವೂ ಆ ಕಪಾಟಿನಲ್ಲಿದೆ."

ಎಲ್ಲರೂ ಅಧ್ಯಕ್ಷರತ್ತ ತಿರುಗಿದರು. ಬೀಗದ ಕೈ ಅವರ ಬಳಿ ಇತ್ತು. ಕಪಾಟು ತೆರೆದದ್ದೇ ತಡ, ಚರಿತ್ರೆಯ ದಪ್ಪ ಸಂಪುಟವನ್ನು ಮಾಸ್ತರರು ಬಾಚಿಕೊಂಡರು. ನಕ್ಷೆಗಳ ಪುಸ್ತಕಕ್ಕೆ ಇಬ್ಬರು ಕೈಹಾಕಿದರು. ಬೆಂಕಿಯನ್ನು ದೇವರುಗಳಿಂದ ಕದ್ದು ಮನುಷ್ಯರಿಗೆ ತಂದವನ ಕತೆಯಿದ್ದ ಪುರಾಣದ ಚಿತ್ರಪುಸ್ತಕವನ್ನು ಅಧ್ಯಕ್ಷರೇ ಬಗಲಲ್ಲಿ ಇಟ್ಟುಕೊಂಡು, "ಮೊಮ್ಮಗಳಿಗೆ" ಎಂದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಹಾಗೆ ನೋಡ್ಬೇಡಿ ಮೇಡಂ. ಗ್ರೀಕರು ಇಲ್ಲೇ ಇರ್ಲಿ. ಮನೆಯವಳಿಗೆ ನಾನು ಏನಾದ್ರೂ ಹೇಳ್ತೇನೆ."

ಮುಂದಿನ ಭಾನುವಾರ ನಾನು ಹೋಗುವ ಮೊದಲೇ ಕೋಣೆಯಿಂದ ಮಾತು ಮೆಟ್ಟಿಲಿನವರೆಗೆ ಕೇಳುತ್ತಿತ್ತು. ಪುಸ್ತಕದ ತುಂಬ ಬಸ್ ಟಿಕೆಟುಗಳನ್ನು ಗುರುತಿಗೆ ಸಿಕ್ಕಿಸಿದ್ದ ಮಾಸ್ತರರು ಮರುವಿಚಾರಣೆ ಆಗಲೇಬೇಕೆಂದು ಪಟ್ಟು ಹಿಡಿದಿದ್ದರು. ಹೋಟೆಲಿನ ಯಜಮಾನರು ಕೈಕಟ್ಟಿ ಕೂತಿದ್ದರು.

"ಆಗ್ಲಿ, ನನಗೆ ಎಂತ ಹೆದರಿಕೆ? ಆದ್ರೆ ಆರೋಪ ಹೊರಿಸುವವರು ಯಾರು? ಮೇಡಂ ಸೋತಾಯ್ತಲ್ಲ."

ಕಿಟಕಿಯ ಬಳಿ ಪುಸ್ತಕ ಹಿಡಿದು ಕೂತಿದ್ದ ಅವರ ಮಗಳು ತಲೆ ಎತ್ತಿದಳು. ಆ ಕೋಣೆಯಲ್ಲಿ ಅವಳ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ಅದು.

"ನಾನು ಹೊರಿಸ್ತೇನೆ, ಪಪ್ಪಾ. ಯುವಕರು ಕೆಟ್ಟಿದ್ದಾರಾ ಇಲ್ವಾ ಅಂತ ಯುವಕರನ್ನೇ ಕೇಳ್ಬೇಕು ನಾ?"